ಬ್ಯಾಟರಿ ವಿಂಚ್ ಲಂಗರನ್ನು ಎತ್ತಬೇಕು, ದೋಣಿಯನ್ನು ಎಳೆಯಬಾರದು

ಪ್ರಶ್ನೆ: ನಮ್ಮದು ಕುಂದಾಪುರ ಕಡೆ. 24 ಅಡಿಯ ಫೈಬರ್ ದೋಣಿ, 9.9 ಎಚ್‌ಪಿ ಔಟ್‌ಬೋರ್ಡ್ ಎಂಜಿನ್. ಗಂಗೊಳ್ಳಿ ಅಳಿವೆ ದಾಟಿ ಹೋಗಿ 6ರಿಂದ 10 ಮಾರು ನೀರಲ್ಲಿ ಲಂಗರು ಬಿಟ್ಟು ಗಾಳ ಹಾಕುತ್ತೇವೆ. ದಿನಕ್ಕೆ ನಾಲ್ಕೈದು ಸಲ ಜಾಗ ಬದಲಿಸಬೇಕಾಗುತ್ತದೆ. ಅಪ್ಪಯ್ಯನಿಗೆ ಸೊಂಟನೋವು, ಹಗ್ಗ ಎಳೆಯಲು ಆಗುತ್ತಿಲ್ಲ. ಜೀಪಿಗೆ ಹಾಕುವ 12 ವೋಲ್ಟ್ ವಿಂಚ್ (ಮೋಟಾರಿನಲ್ಲಿ ಹಗ್ಗ ಸುತ್ತಿ ಎಳೆಯುವ ಯಂತ್ರ) ಆನ್‌ಲೈನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಅದನ್ನೇ ಹಾಕಬಹುದಾ? ಎಂಥ ಬ್ಯಾಟರಿ, ಎಂಥ ವಯರ್ ಬೇಕು? ಎಂಜಿನ್ ಪಕ್ಕದಲ್ಲೇ ಹಿಂದೆ ಕೂರಿಸಿದರೆ ಅಪ್ಪಯ್ಯ ಒಬ್ಬರೇ ನಿಭಾಯಿಸಬಹುದು ಅಂತ ಒಂದು ಯೋಚನೆ ಇದೆ.

ಉತ್ತರ: ಕೊನೆಯಲ್ಲಿ ಕೇಳಿದ್ದಕ್ಕೆ ಮೊದಲು ಹೇಳುತ್ತೇನೆ, ಯಾಕಂದ್ರೆ ಅದು ಜೀವದ ವಿಷಯ. ವಿಂಚನ್ನು ದೋಣಿಯ ಹಿಂದೆ ಕೂರಿಸಬೇಡಿ. ಎಷ್ಟೇ ಅನುಕೂಲ ಅನಿಸಿದರೂ ಬೇಡ.

ದೋಣಿಯ ಮೂತಿ ಎತ್ತರ, ಚೂಪು. ಅಲೆ ಬಂದರೆ ಸೀಳಿಕೊಂಡು ಮೇಲೇಳುತ್ತದೆ. ಹಿಂಭಾಗ ಹಾಗಲ್ಲ. ಅದು ಚಪ್ಪಟೆ, ಎಂಜಿನ್ ಕೂರಲಿ ಅಂತ ತಗ್ಗಿಸಿದ್ದು. ಎಂಜಿನ್ನಿನ ಭಾರ, ಎಣ್ಣೆ ಟ್ಯಾಂಕಿನ ಭಾರ, ಅಲ್ಲಿ ಕೂತವರ ಭಾರ ಎಲ್ಲ ಸೇರಿ ಆಗಲೇ ನೀರಿನ ಹತ್ತಿರ ಇರುತ್ತದೆ. ಹಿಂದಿನಿಂದ ಲಂಗರು ಕಟ್ಟಿದಾಗ ಬಿಗಿದ ಹಗ್ಗ ಅದನ್ನು ಇನ್ನೂ ಕೆಳಕ್ಕೆ ಹಿಡಿಯುತ್ತದೆ. ಅಲೆ ಬಂದಾಗ ದೋಣಿ ಏಳಲಾರದು, ನೀರು ಹಲಗೆ ಹಾರಿ ಒಳಗೆ ಬರುತ್ತದೆ. ಒಳಗೆ ಬಂದ ನೀರಿನ ಭಾರಕ್ಕೆ ದೋಣಿ ಮತ್ತೂ ತಗ್ಗುತ್ತದೆ. ಎರಡನೇ ಅಲೆಗೆ, ಮೂರನೇ ಅಲೆಗೆ ಕೈ ಮೀರಿಹೋಗುತ್ತದೆ. ವಿಂಚ್ ಇದ್ದರೆ ಅಪಾಯ ಜಾಸ್ತಿಯೇ ಹೊರತು ಕಡಿಮೆಯಲ್ಲ. ಕೈಯಲ್ಲಿ ಎಳೆಯುವವನಿಗೆ ಹಗ್ಗ ಬಿಗಿದದ್ದು ತಕ್ಷಣ ಗೊತ್ತಾಗುತ್ತದೆ, ಬಿಟ್ಟುಬಿಡುತ್ತಾನೆ. ಮೋಟಾರಿಗೆ ಅದು ಗೊತ್ತಾಗುವುದಿಲ್ಲ. ಲಂಗರು ಕಲ್ಲಿಗೆ ಸಿಕ್ಕಿದ್ದರೂ ಅದು ಸುತ್ತುತ್ತಲೇ ಇರುತ್ತದೆ, ದೋಣಿಯ ಹಿಂಭಾಗವನ್ನೇ ನೀರಿಗೆ ಎಳೆಯುತ್ತದೆ.

ಹಾಗಾಗಿ ವಿಂಚ್ ಮುಂದೆಯೇ ಇರಲಿ. ಸ್ವಿಚ್ ಮಾತ್ರ ಹಿಂದೆ ತರಬಹುದು, ಅದರ ಮಾತು ಆಮೇಲೆ.

ಈಗ ಜೀಪಿನ ವಿಂಚ್. ಅದು ಕೆಟ್ಟ ವಸ್ತುವಲ್ಲ, ಆದರೆ ಬೇರೆ ಕೆಲಸಕ್ಕೆ ಮಾಡಿದ್ದು. ಕೆಸರಲ್ಲಿ ಹೂತ ಗಾಡಿಯನ್ನು ನಿಧಾನವಾಗಿ, ಭಾರೀ ಬಲದಿಂದ ಎಳೆಯಲು ಮಾಡಿದ್ದು. ಅದರ ವೇಗ ನಿಮಿಷಕ್ಕೆ ನಾಲ್ಕೈದು ಮೀಟರಿನಿಂದ ಹತ್ತು ಮೀಟರ್. ಡ್ರಮ್ಮಿನಲ್ಲಿ ಹಿಡಿಯುವ ಹಗ್ಗ ಸಾಮಾನ್ಯವಾಗಿ 15ರಿಂದ 30 ಮೀಟರ್. ನಿಮ್ಮ 10 ಮಾರು ಅಂದರೆ 18 ಮೀಟರ್ ಆಳ. ಆ ಆಳಕ್ಕೆ ಕಡಿಮೆ ಅಂದರೂ 55-60 ಮೀಟರ್ ಹಗ್ಗ ಬಿಡಬೇಕು. ಜೀಪಿನ ವಿಂಚಿನಲ್ಲಿ ಅಷ್ಟು ಹಗ್ಗ ಕೂರುವುದಿಲ್ಲ. ಕೂರಿಸಿದರೂ ಒಂದು ಸಲ ಎತ್ತಲು ಹತ್ತು ನಿಮಿಷ ಬೇಕು, ಅಷ್ಟು ಹೊತ್ತು ಓಡಿದರೆ ಅದರ ಮೋಟಾರ್ ಕಾದು ಕೆಂಡವಾಗುತ್ತದೆ. ಇಂಥ ಹಲವು ವಿಂಚುಗಳಲ್ಲಿ ಬ್ರೇಕ್ ಡ್ರಮ್ಮಿನ ಒಳಗೇ ಇರುತ್ತದೆ. ಭಾರ ತೂಗುತ್ತಾ ಹಗ್ಗ ಬಿಡುವಾಗ ಅದೂ ಕಾಯುತ್ತದೆ. ಪೂರ್ತಿ ಭಾರ ಬಿದ್ದರೆ ನೂರಾರು ಆಂಪಿಯರ್ ಕರೆಂಟ್ ಕೇಳುತ್ತದೆ. ಉಪ್ಪುನೀರಿಗೆ ತಕ್ಕ ಸೀಲುಗಳೂ ಇಲ್ಲ. ಉಕ್ಕಿನ ಹಗ್ಗ ಮೊದಲ ಮಳೆಗಾಲಕ್ಕೇ ತುಕ್ಕು ಹಿಡಿದು ಎಳೆ ಬಿಡುತ್ತದೆ, ಆ ಎಳೆ ಅಂಗೈಗೆ ಹೊಕ್ಕರೆ ಗಾಯ ಬೇಗ ಮಾಗುವುದಿಲ್ಲ. ಕಡಿಮೆ ಬೆಲೆ ಅಂತ ಅದಕ್ಕೆ ದುಡ್ಡು ಹಾಕಬೇಡಿ.

ನಿಮಗೆ ಬೇಕಾದದ್ದು ದೋಣಿಗೆಂದೇ ಮಾಡಿದ ಡ್ರಮ್ ವಿಂಚ್. ಹಗ್ಗ, ಸರಪಳಿ ಎರಡೂ ಒಂದೇ ಡ್ರಮ್ಮಿಗೆ ಸುತ್ತಿಕೊಳ್ಳುತ್ತವೆ. ದೊಡ್ಡ ದೋಣಿಗಳಲ್ಲಿ ಇನ್ನೊಂದು ಬಗೆ ಇದೆ. ಅದರಲ್ಲಿ ಹಲ್ಲಿನ ಚಕ್ರ ಸರಪಳಿಯನ್ನು ಹಿಡಿದು ಎಳೆದು ಕೆಳಗಿನ ಗೂಡಿಗೆ ಬೀಳಿಸುತ್ತದೆ. ಬಿದ್ದ ಹಗ್ಗ ರಾಶಿಯಾಗಲು ಚಕ್ರದ ಕೆಳಗೆ ಮೊಣಕೈ ಉದ್ದದಷ್ಟಾದರೂ ಆಳದ ಜಾಗ ಬೇಕು. 24 ಅಡಿಯ ಬಯಲು ದೋಣಿಯಲ್ಲಿ ಆ ಜಾಗ ಸಿಗುವುದು ಕಷ್ಟ. ಡ್ರಮ್ಮೇ ನಿಮಗೆ ಸರಿ.

ಎಷ್ಟು ಶಕ್ತಿಯದ್ದು ಬೇಕು ಅನ್ನುವಲ್ಲಿ ತುಂಬಾ ಜನ ತಪ್ಪು ಲೆಕ್ಕ ಹಾಕುತ್ತಾರೆ. ದೋಣಿಯ ತೂಕ ನೋಡಿ ವಿಂಚ್ ತರುತ್ತಾರೆ. ನೋಡಬೇಕಾದ್ದು ದೋಣಿಯ ತೂಕವಲ್ಲ, ನೀರಿನ ಕೆಳಗಿರುವ ಸಾಮಾನಿನ ತೂಕ. 8 ಕಿಲೋ ಲಂಗರು ಅಂತಿಟ್ಟುಕೊಳ್ಳಿ. 6 ಮಿ.ಮೀ. ಸರಪಳಿ ಮೀಟರಿಗೆ ಸುಮಾರು 800 ಗ್ರಾಂ, 8 ಮೀಟರ್ ಹಾಕಿದರೆ ಆರೂವರೆ ಕಿಲೋ. 8 ಮಿ.ಮೀ. ನೈಲಾನ್ ಹಗ್ಗ 100 ಮೀಟರಿಗೆ ನಾಲ್ಕು ಕಿಲೋ. ಒಟ್ಟು 19 ಕಿಲೋ ಮುಟ್ಟುವುದಿಲ್ಲ. ನೀರೊಳಗೆ ಇನ್ನೂ ಹಗುರ. ಕಬ್ಬಿಣ ನೀರಲ್ಲಿ ತನ್ನ ತೂಕದ ಎಂಟನೇ ಒಂದು ಪಾಲು ಕಳೆದುಕೊಳ್ಳುತ್ತದೆ, ನೈಲಾನಿನ ತೂಕ ಲೆಕ್ಕಕ್ಕೇ ಬರುವುದಿಲ್ಲ. ಕೆಸರು ಅಂಟಿದ್ದನ್ನೂ ಸೇರಿಸಿ 15 ಕಿಲೋ ಅನ್ನಿ. ಅದನ್ನು ಸೆಕೆಂಡಿಗೆ 40 ಸೆಂ.ಮೀ. ವೇಗದಲ್ಲಿ, ಅಂದರೆ ನಿಮಿಷಕ್ಕೆ 25 ಮೀಟರಿನಂತೆ ಎತ್ತಲು ಬೇಕಾಗುವುದು ಬರೀ 60 ವ್ಯಾಟ್. ಗಿಯರಿನಲ್ಲಿ, ಮೂತಿಯಲ್ಲಿ ಹಗ್ಗ ಹಾಯುವ ರೋಲರಿನಲ್ಲಿ, ಮೋಟಾರಿನಲ್ಲಿ ಮುಕ್ಕಾಲು ಭಾಗ ಸೋರಿಹೋದರೂ 240 ವ್ಯಾಟ್. 12 ವೋಲ್ಟಿನಲ್ಲಿ 20 ಆಂಪಿಯರ್ ಆಯಿತು.

ಅದೇ ವಿಂಚಿನಲ್ಲಿ ದೋಣಿಯನ್ನು ಗಾಳಿಗೆ ಎದುರಾಗಿ ಎಳೆದರೆ? ಅಮೆರಿಕದ ದೋಣಿ ಮಾನದಂಡ ಸಂಸ್ಥೆ ಎಬಿವೈಸಿ ಲಂಗರಿನ ಮೇಲೆ ಬೀಳುವ ಭಾರದ ಒಂದು ಪಟ್ಟಿ ಮಾಡಿದೆ. 20ರಿಂದ 25 ಅಡಿಯ ದೋಣಿಗೆ 15 ನಾಟ್ (ಗಂಟೆಗೆ ಸುಮಾರು 28 ಕಿ.ಮೀ.) ಗಾಳಿಯಲ್ಲಿ ಸುಮಾರು 40ರಿಂದ 57 ಕಿಲೋ. 30 ನಾಟ್ ಗಾಳಿಯಲ್ಲಿ 160ರಿಂದ 220 ಕಿಲೋ. ಗಾಳಿ ಎರಡರಷ್ಟಾದರೆ ಭಾರ ನಾಲ್ಕರಷ್ಟಾಗುತ್ತದೆ, ಅದು ಲೆಕ್ಕ. 15 ಕಿಲೋ ಎತ್ತುವಾಗ 20 ಆಂಪಿಯರ್ ತಿನ್ನುವ ಮೋಟಾರು 50 ಕಿಲೋ ಎಳೆಯಲು ಅದರ ಮೂರು ಪಟ್ಟು ತಿನ್ನುತ್ತದೆ. 200 ಕಿಲೋ ಅಂದರೆ ಅದು ಅಲ್ಲೇ ನಿಲ್ಲುತ್ತದೆ. ನಿಂತ ಮೋಟಾರು ಕರೆಂಟನ್ನೆಲ್ಲ ಬಿಸಿಯಾಗಿ ಮಾರ್ಪಡಿಸುತ್ತದೆ. ಬ್ರೇಕರ್ ಬೀಳದಿದ್ದರೆ ವೈಂಡಿಂಗ್ ಸುಡುತ್ತದೆ.

ವಿಂಚಿನ ವಿಷಯದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ದೋಣಿಯನ್ನು ಮುಂದೆ ತರುವುದು ಎಂಜಿನ್ ಕೆಲಸ. ದೋಣಿಯನ್ನು ಹಿಡಿದು ನಿಲ್ಲಿಸುವುದು ಮೂತಿಯಲ್ಲಿ ಹಗ್ಗ ಕಟ್ಟುವ ಗೂಟದ ಕೆಲಸ. ಲಂಗರನ್ನು ನೆಲದಿಂದ ಕೀಳುವುದು ದೋಣಿಯ ಭಾರದ ಕೆಲಸ. ಕಿತ್ತ ಲಂಗರನ್ನು ಮೇಲೆ ತರುವುದಷ್ಟೇ ವಿಂಚಿನದು. ಇದಿಷ್ಟು ಪಾಲಿಸಿದರೆ 500-600 ವ್ಯಾಟಿನ ಸಣ್ಣ ವಿಂಚ್ ನಿಮಗೆ ಧಾರಾಳ ಸಾಕು. ತಯಾರಕರು ಬರೆಯುವ ಗರಿಷ್ಠ ಎಳೆತವನ್ನು ನಂಬಿ ಕೊಳ್ಳಬೇಡಿ. ಅದು ಮೋಟಾರು ನಿಂತುಹೋಗುವ ಹಂತದ ಅಂಕಿ. ನಿರಂತರ ಕೆಲಸದ ಭಾರ ಎಷ್ಟು ಅಂತ ಬೇರೆಯಾಗಿ ಬರೆದಿರುತ್ತಾರೆ, ಹೆಚ್ಚಾಗಿ ಅದರ ಮೂರನೇ ಅಥವಾ ನಾಲ್ಕನೇ ಒಂದು ಪಾಲು. ಅದನ್ನು ನೋಡಿ. ಎಷ್ಟು ನಿಮಿಷ ಬಿಡದೆ ಓಡಿಸಬಹುದು ಅನ್ನುವುದನ್ನೂ ಕೇಳಿ ತಿಳಿಯಿರಿ.

ಕೊಳ್ಳುವಾಗ ಇನ್ನೊಂದನ್ನು ನೋಡಬೇಕು, ಡ್ರಮ್ಮಿಗೆ ಎಷ್ಟು ಹಗ್ಗ ಹಿಡಿಯುತ್ತದೆ. 18 ಮೀಟರ್ ನೀರು, ಮೂತಿಯ ಎತ್ತರ 1 ಮೀಟರ್ ಸೇರಿ 19. ಹಗಲು, ಗಾಳಿ ಕಡಿಮೆ, ಕಣ್ಣೆದುರೇ ಇದ್ದೀರಿ ಅಂದರೆ ಮೂರು ಪಟ್ಟು, 57 ಮೀಟರ್. ಪಡುಗಾಳಿ ಎದ್ದರೆ ಐದು ಪಟ್ಟು ಬೇಕು, 95 ಮೀಟರ್. ರಾತ್ರಿ ನಿಲ್ಲುವುದಾದರೆ ಏಳು ಪಟ್ಟು. ಹಾಗಾಗಿ 8 ಮಿ.ಮೀ. ಹಗ್ಗ 100 ಮೀಟರ್, ಅದರ ಮೇಲೆ 8 ಮೀಟರ್ ಸರಪಳಿ ಹಿಡಿಯುವ ಡ್ರಮ್ ನೋಡಿ. 50-60 ಮೀಟರಿನ ಡ್ರಮ್ ತಂದವರು ಏನು ಮಾಡುತ್ತಾರೆ ಗೊತ್ತಾ? ಗಾಳಿ ಎದ್ದರೂ ಹಗ್ಗ ಮುಗಿಯಿತು ಅಂತ ಮೂರು ಪಟ್ಟಿನಲ್ಲೇ ನಿಲ್ಲಿಸುತ್ತಾರೆ. ಲಂಗರು ಕಚ್ಚದೆ ಜಾರುತ್ತದೆ, ಬೈಗುಳ ಲಂಗರಿಗೆ.

ಡ್ರಮ್ಮಿನ ಒಂದು ಗುಣ ಗೊತ್ತಿದ್ದರೆ ಒಳ್ಳೇದು. ಹಗ್ಗ ಸುತ್ತಿದಷ್ಟೂ ಡ್ರಮ್ ದಪ್ಪವಾಗುತ್ತದೆ, ದಪ್ಪವಾದಷ್ಟೂ ಎಳೆಯುವ ಬಲ ಕಡಿಮೆಯಾಗುತ್ತದೆ. ಖಾಲಿ ಡ್ರಮ್ 8 ಸೆಂ.ಮೀ. ದಪ್ಪ, ತುಂಬಿದಾಗ 20 ಸೆಂ.ಮೀ. ಆದರೆ ಬಲ ಎರಡೂವರೆ ಪಟ್ಟು ಇಳಿದಿರುತ್ತದೆ. ಆಳದಲ್ಲಿ ಲಂಗರು ಕೀಳುವಾಗ ಹಗ್ಗವೆಲ್ಲ ನೀರಲ್ಲಿದೆ, ಡ್ರಮ್ ತೆಳ್ಳಗಿದೆ, ಬಲ ಇದೆ. ಆದರೆ ಅಳಿವೆ ಒಳಗೆ ಎರಡು ಮಾರು ನೀರಲ್ಲಿ ಕೀಳುವಾಗ ಡ್ರಮ್ ಮುಕ್ಕಾಲು ತುಂಬಿಯೇ ಇರುತ್ತದೆ. ಆಳದಲ್ಲಿ ಸಲೀಸಾಗಿ ಎಳೆದ ವಿಂಚ್ ತೆಳುನೀರಲ್ಲಿ ಒದ್ದಾಡುತ್ತದೆ. ವಿಂಚ್ ಕೆಟ್ಟಿತು ಅಂತ ಬಿಚ್ಚಲು ಹೋಗಬೇಡಿ. ಅದರ ಕೆಲಸವೇ ಹಾಗೆ.

ಹಗ್ಗ ನೈಲಾನಿನದ್ದೇ ಇರಲಿ, ಹೆಣೆದದ್ದು, ಮೆದುವಾದದ್ದು. ನಮ್ಮಲ್ಲಿ ಸುಲಭವಾಗಿ ಸಿಗುವ ಪ್ಲಾಸ್ಟಿಕ್ ಹಗ್ಗ, ಅಂದರೆ ಪಿಪಿ ಹಗ್ಗ, ನೀರಲ್ಲಿ ತೇಲುತ್ತದೆ. ತೇಲಿದ ಹಗ್ಗ ಎಂಜಿನ್ನಿನ ಫ್ಯಾನಿಗೆ ಸುತ್ತಿಕೊಳ್ಳುತ್ತದೆ. ಅದು ಎಳೆದಾಗ ಹಿಗ್ಗುವುದೂ ಕಡಿಮೆ, ಹಾಗಾಗಿ ಅಲೆಯ ಒಂದೊಂದು ಜಗ್ಗೂ ನೇರ ಗೂಟಕ್ಕೆ ಬೀಳುತ್ತದೆ. ನೈಲಾನ್ ಮುಳುಗುತ್ತದೆ, ಹಿಗ್ಗಿ ಕುಗ್ಗಿ ಜಗ್ಗನ್ನು ನುಂಗಿಕೊಳ್ಳುತ್ತದೆ. ಹಗ್ಗ ಮತ್ತು ಸರಪಳಿ ಸೇರುವಲ್ಲಿ ಗಂಟು ಬೇಡ, ಎಳೆ ಬಿಚ್ಚಿ ಹೆಣೆದು ಸೇರಿಸಿ. ಗಂಟು ಬಿದ್ದ ಹಗ್ಗದ ಬಲ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ, ರೋಲರಿನಲ್ಲೂ ಸಿಕ್ಕಿಕೊಳ್ಳುತ್ತದೆ. ಹೊಸ ಹಗ್ಗವನ್ನು ಮೊದಲ ಸಲ ಡ್ರಮ್ಮಿಗೆ ಸುತ್ತುವಾಗ ಒಬ್ಬರು ಆ ತುದಿ ಹಿಡಿದು ಬಿಗಿಯಾಗಿ ಸುತ್ತಿಸಬೇಕು. ಸಡಿಲ ಸುತ್ತಿದರೆ ಮೇಲಿನ ಸುತ್ತು ಭಾರ ಬಿದ್ದಾಗ ಕೆಳಗಿನ ಸುತ್ತುಗಳ ನಡುವೆ ಹೂತುಹೋಗುತ್ತದೆ, ಬಿಡುವಾಗ ಹಗ್ಗ ಅಲ್ಲೇ ಕಚ್ಚಿಕೊಳ್ಳುತ್ತದೆ.

ಇನ್ನು ಕರೆಂಟಿನ ವಿಷಯ. ವಿಂಚ್ ಹಾಳಾಗುವುದು ಹೆಚ್ಚಾಗಿ ಇಲ್ಲೇ.

ವಯರನ್ನು ಬೆರಳ ದಪ್ಪ ನೋಡಿ ಅಂದಾಜಿನಲ್ಲಿ ತರುವ ರೂಢಿ ಇದೆ. ಲೆಕ್ಕ ಮಾಡಿ ನೋಡೋಣ. ಬ್ಯಾಟರಿ ಎಂಜಿನ್ ಹತ್ತಿರ ಹಿಂದೆ ಇದೆ, ವಿಂಚ್ ಮುಂದೆ ಇದೆ, ನಡುವೆ 7 ಮೀಟರ್. ಹೋಗುವ ವಯರ್, ಬರುವ ವಯರ್ ಸೇರಿ 14 ಮೀಟರ್. ಮನೆಯ ಪಂಪಿಗೆ ಹಾಕುವ 6 ಚದರ ಮಿ.ಮೀ. ತಾಮ್ರದ ವಯರ್ ಹಾಕಿದಿರಿ. ಭಾರ ಬಿದ್ದು 80 ಆಂಪಿಯರ್ ಹರಿದರೆ ದಾರಿಯಲ್ಲೇ 3.3 ವೋಲ್ಟ್ ಬಿದ್ದುಹೋಗುತ್ತದೆ. ವಿಂಚಿಗೆ ತಲುಪುವುದು 9 ವೋಲ್ಟಿಗೂ ಕಡಿಮೆ. ಕಳೆದ ಶಕ್ತಿ ಎಲ್ಲಿ ಹೋಯಿತು? ಸುಮಾರು 260 ವ್ಯಾಟ್ ಶಾಖವಾಗಿ ಆ ವಯರಿನೊಳಗೇ ಉಳಿಯಿತು. ಪ್ಲಾಸ್ಟಿಕ್ ಮೆತ್ತಗಾಗುವುದು, ವಾಸನೆ ಬರುವುದು ಅದಕ್ಕೇ. ಈಗ ಬ್ಯಾಟರಿಯನ್ನು ದೋಣಿಯ ನಡುವಿಗೆ ತನ್ನಿ. ವಿಂಚಿಗೆ 4 ಮೀಟರ್, ಹೋಗಿಬರಲು 8. ವಯರ್ 25 ಚದರ ಮಿ.ಮೀ. ಹಾಕಿ. ಅದೇ 80 ಆಂಪಿಯರಿಗೆ ಅರ್ಧ ವೋಲ್ಟೂ ಬೀಳುವುದಿಲ್ಲ. ಭಾರವೂ ದೋಣಿಯ ನಡುವೆ ಬಂದು ಕೂತಿತು, ಅಲ್ವಾ? ವಿಂಚ್, ಲಂಗರು, ಸರಪಳಿ ಎಲ್ಲ ಸೇರಿ ಮುಂದೆ ಆಗಲೇ 30 ಕಿಲೋ ಹತ್ತಿರ ಭಾರ ಏರಿರುತ್ತದೆ. ಬ್ಯಾಟರಿಯನ್ನೂ ಮುಂದೆಯೇ ಇಟ್ಟರೆ ವಯರ್ ಉಳಿಯುತ್ತದೆ ನಿಜ, ಆದರೆ ಅಳಿವೆ ದಾಟುವಾಗ ಮೂತಿ ಅಲೆಗೆ ಹೂಳುತ್ತದೆ. ನಡುವೆಯೇ ಸರಿ.

ತವರ ಲೇಪಿಸಿದ ತಾಮ್ರದ ವಯರ್ ಕೇಳಿ ತನ್ನಿ. ಬೆಲೆ ಜಾಸ್ತಿ, ಆದರೆ ಸಮುದ್ರಕ್ಕೆ ಅದೇ ಆಗಬೇಕು. ಧಕ್ಕೆಯಲ್ಲಿ ಯಾರಾದರೂ ವಿಂಚ್ ಎಳೀತಿಲ್ಲ ಅಂತ ಕರೆದರೆ ನಾನು ಮೋಟಾರನ್ನು ಮುಟ್ಟುವುದಿಲ್ಲ. ಮೊದಲು ವಯರಿನ ತುದಿಯ ಲಗ್, ಅಂದರೆ ಬೋಲ್ಟಿಗೆ ಸಿಕ್ಕಿಸುವ ಲೋಹದ ಕಿವಿ, ನೋಡುತ್ತೇನೆ. ಹೊರಗಿಂದ ಕೆಂಪು ಪ್ಲಾಸ್ಟಿಕ್ ಹೊಸದರಂತೆ ಹೊಳೆಯುತ್ತಿರುತ್ತದೆ. ಲಗ್ಗಿನಿಂದ ಒಂದು ಗೇಣು ಹಿಂದೆ ಬ್ಲೇಡಿನಲ್ಲಿ ಸೀಳಿದರೆ ಒಳಗಿನ ಎಳೆಗಳು ಕಪ್ಪಗಾಗಿರುತ್ತವೆ. ಉಗುರಿನಲ್ಲಿ ಕೆರೆದರೆ ಹಸಿರು ಪುಡಿ ಉದುರುತ್ತದೆ. ಉಪ್ಪುನೀರು ಲಗ್ಗಿನ ಸಂದಿಯಿಂದ ಎಳೆ ಎಳೆಯಲ್ಲೂ ಹತ್ತಿಕೊಂಡು ಒಳಗೆ ಹೋಗಿರುತ್ತದೆ. ಇದನ್ನು ತಡೆಯಬೇಕಂದರೆ ಲಗ್ಗನ್ನು ಸರಿಯಾದ ಪ್ರೆಸ್ಸಿನಲ್ಲಿ ಒತ್ತಿಸಿ, ಸುತ್ತಿಗೆಯಲ್ಲಿ ಬಡಿದು ಬಿಡಬೇಡಿ. ಮೇಲೆ ಒಳಗಡೆ ಅಂಟು ಇರುವ ಬಿಸಿ ಟ್ಯೂಬ್ ಹಾಕಿ. ಬರೀ ಇನ್ಸುಲೇಶನ್ ಟೇಪ್ ಸುತ್ತುವುದು ಸುಮ್ನೆ ಕಣ್ಣಿಗೆ ಸಮಾಧಾನ, ಅದರೊಳಗೆ ನೀರು ನಿಲ್ಲುತ್ತದೆ.

ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ ಬ್ರೇಕರ್ ಬರಲಿ. ಎಷ್ಟು ಆಂಪಿಯರಿನದ್ದು ಅಂತ ವಿಂಚಿನ ಜೊತೆ ಬಂದ ಕಾಗದದಲ್ಲಿ ಇರುತ್ತದೆ, ಅದನ್ನೇ ಹಾಕಿ. ಪದೇ ಪದೇ ಬೀಳುತ್ತದೆ ಅಂತ ದೊಡ್ಡದು ಹಾಕಿದರೆ ಮೋಟಾರ್ ಸುಡಲು ನೀವೇ ದಾರಿ ಮಾಡಿಕೊಟ್ಟಂತೆ. ಬ್ರೇಕರ್, ರಿಲೇ (ಸ್ವಿಚ್ ಒತ್ತಿದಾಗ ವಿಂಚಿಗೆ ಕರೆಂಟ್ ಕೊಡುವ ಭಾಗ) ಎರಡನ್ನೂ ಎಣ್ಣೆ ಟ್ಯಾಂಕಿನಿಂದ ದೂರ ಇಡಿ. ರಿಲೇ ಒಳಗೆ ಪ್ರತಿ ಸಲ ಕಿಡಿ ಹಾರುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲೇ ಕೂರುತ್ತದೆ. ಮುಚ್ಚಿದ ಒಂದೇ ಪೆಟ್ಟಿಗೆಯಲ್ಲಿ ಟ್ಯಾಂಕ್, ಬ್ಯಾಟರಿ, ರಿಲೇ ಮೂರನ್ನೂ ಒಟ್ಟಿಗೆ ಇಟ್ಟಿರುವ ದೋಣಿ ಕಂಡಾಗ ನನಗೆ ಎದೆ ಧಸಕ್ಕೆನ್ನುತ್ತದೆ.

ಬ್ಯಾಟರಿ 60ರಿಂದ 75 ಆಂಪಿಯರ್ ಅವರ್ ಇದ್ದರೆ ನಿಮ್ಮ ಕೆಲಸಕ್ಕೆ ಸಾಕು. ಒಂದು ಸಲ 60 ಮೀಟರ್ ಹಗ್ಗ ಎತ್ತಲು ಎರಡೂವರೆ ನಿಮಿಷ. ಸರಾಸರಿ 30 ಆಂಪಿಯರ್ ಅಂದರೂ ಖರ್ಚು ಒಂದೂಕಾಲು ಆಂಪಿಯರ್ ಅವರ್. ಐದು ಸಲಕ್ಕೆ ಆರು, ಏಳು. ವಿಂಚಿನಲ್ಲೇ ದೋಣಿ ಎಳೆಯುವವರಿಗೆ ಇದೇ ಐದು ಸಲಕ್ಕೆ 20 ಆಂಪಿಯರ್ ಅವರ್ ದಾಟುತ್ತದೆ. ಅವರ ಬ್ಯಾಟರಿ ಮಧ್ಯಾಹ್ನಕ್ಕೇ ಸುಸ್ತಾಗುತ್ತದೆ.

ಖರ್ಚಾದದ್ದು ವಾಪಸ್ ತುಂಬುವುದು ಹೇಗೆ ಅನ್ನುವುದು ನಿಮ್ಮಂಥ ದೋಣಿಗೆ ದೊಡ್ಡ ಪ್ರಶ್ನೆ. ಜೂನ್ 1ರಿಂದ ಜುಲೈ 31ರ ತನಕದ ನಿಷೇಧ 10 ಎಚ್‌ಪಿ ಒಳಗಿನ ನಾಡದೋಣಿಗಳಿಗೆ ಇಲ್ಲದ್ದರಿಂದ ನಮ್ಮ ಕರಾವಳಿಯಲ್ಲಿ 9.9 ಎಂಜಿನ್ ಜಾಸ್ತಿ. ಅವುಗಳಲ್ಲಿ ತುಂಬಾ ಎಂಜಿನ್ನುಗಳು ಹಗ್ಗ ಎಳೆದು ಚಾಲೂ ಮಾಡುವಂಥವು. ಕೆಲವಕ್ಕೆ ಚಾರ್ಜಿಂಗ್ ವ್ಯವಸ್ಥೆಯೇ ಇಲ್ಲ. ಕೆಲವಕ್ಕೆ ದೀಪಕ್ಕೆ ಅಂತ ಒಂದು ಕಾಯಿಲ್ ಇರುತ್ತದೆ, ಅದು ಕೊಡುವುದು ಎಸಿ ಕರೆಂಟ್. ಅದನ್ನು ನೇರ ಬ್ಯಾಟರಿಗೆ ಕೊಡುವ ಹಾಗಿಲ್ಲ, ನಡುವೆ ರೆಕ್ಟಿಫೈಯರ್-ರೆಗ್ಯುಲೇಟರ್ ಬೇಕು. 80 ವ್ಯಾಟಿನ ಕಾಯಿಲ್ ಆದರೆ ಎಂಜಿನ್ ಜೋರಾಗಿ ಓಡುವಾಗ 6 ಆಂಪಿಯರ್ ಸಿಕ್ಕೀತು. ನಿಮ್ಮ ಎಂಜಿನ್ನಿನಲ್ಲಿ ಏನಿದೆ ಅಂತ ಮೆಕ್ಯಾನಿಕ್ ಹತ್ತಿರ ಮೊದಲು ಕೇಳಿ, ಆಮೇಲೆ ವಿಂಚಿಗೆ ದುಡ್ಡು ಕೊಡಿ. ಏನೂ ಇಲ್ಲದಿದ್ದರೂ ತೊಂದರೆಯಿಲ್ಲ. ದಿನಾ ಸಂಜೆ ಬ್ಯಾಟರಿ ಮನೆಗೆ ತಂದು ಚಾರ್ಜಿಗೆ ಹಾಕಿ, ಇಲ್ಲವೇ 50 ವ್ಯಾಟಿನ ಸೋಲಾರ್ ಹಲಗೆ ಹಾಕಿ. ಬಿಸಿಲಿನ ದಿನ ನಿಮ್ಮ ಖರ್ಚನ್ನು ಅದು ತುಂಬಿಕೊಡುತ್ತದೆ. ಮನೆಯ ಇನ್ವರ್ಟರಿನ ಟ್ಯೂಬ್ಯುಲಾರ್ ಬ್ಯಾಟರಿ ದೋಣಿಗೆ ತರಬೇಡಿ. ಎತ್ತರ, ಭಾರ, ವಾಲಿದರೆ ಆಸಿಡ್ ಚೆಲ್ಲುತ್ತದೆ. ಸೀಲ್ ಆದ, ಆಸಿಡ್ ಚೆಲ್ಲದ ಎಜಿಎಂ ಬ್ಯಾಟರಿ ಒಳ್ಳೆಯದು. ಲಿಥಿಯಂ ಹಗುರ, ಹೊತ್ತು ತರುವವರ ಸೊಂಟಕ್ಕೂ ಒಳ್ಳೆಯದು, ಆದರೆ ಅದರೊಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಎಷ್ಟು ಆಂಪಿಯರ್ ಬಿಡುತ್ತದೆ ಅಂತ ನೋಡಿ. 50 ಆಂಪಿಯರಿನದ್ದಾದರೆ ಭಾರ ಬಿದ್ದ ಕೂಡಲೇ ತಾನಾಗಿ ಆಫ್ ಆಗುತ್ತದೆ.

ಕೂರಿಸುವ ಬಗ್ಗೆ ಹೆಚ್ಚು ಹೇಳುವುದಿಲ್ಲ, ಒಳ್ಳೆ ಫೈಬರ್ ಕೆಲಸದವರಿಗೆ ಗೊತ್ತಿರುತ್ತದೆ. ಸ್ಕ್ರೂ ಹಾಕಬಾರದು, ಆರಪಾರು ಬೋಲ್ಟೇ ಬೇಕು, 316 ಸ್ಟೀಲಿನದ್ದು. ಕೆಳಗಡೆ ವಿಂಚಿನ ತಳಕ್ಕಿಂತ ದೊಡ್ಡದಾದ ಮರೀನ್ ಪ್ಲೈ ಹಲಗೆ ಕೊಟ್ಟು ಫೈಬರ್ ಹಾಕಿಸಿ. ತೂತಿನ ಒಳಗೋಡೆಗೆ ರೆಸಿನ್ ಹಚ್ಚದಿದ್ದರೆ ಪ್ಲೈ ನೀರು ಕುಡಿಯುತ್ತದೆ. ರೋಲರಿನಿಂದ ಡ್ರಮ್ಮಿಗೆ ಹಗ್ಗ ನೇರ ಬರಬೇಕು, ಅಡ್ಡ ಬಂದರೆ ಒಂದೇ ಬದಿಗೆ ಗುಡ್ಡೆಯಾಗುತ್ತದೆ. ರೋಲರ್ ಮತ್ತು ಡ್ರಮ್ ನಡುವೆ ಗಟ್ಟಿಯಾದ ಒಂದು ಗೂಟ ಇರಲೇಬೇಕು. ಗೂಟ ಇಲ್ಲದೆ ವಿಂಚ್ ಕೂರಿಸಿಕೊಡುತ್ತೇನೆ ಅಂದರೆ ಒಪ್ಪಬೇಡಿ.

ಬಳಸುವ ಕ್ರಮ ಹೀಗಿರಲಿ. ಲಂಗರು ಬಿಡುವಾಗ ಗಾಳಿಗೆ, ಸೆಳೆತಕ್ಕೆ ಮುಖ ಮಾಡಿ ದೋಣಿ ನಿಲ್ಲಿಸಿ. ದೋಣಿ ಹಿಂದಕ್ಕೆ ಸರಿಯಲು ಶುರುವಾದ ಮೇಲೆ ಹಗ್ಗ ಬಿಡುತ್ತಾ ಬನ್ನಿ. ಬೇಕಾದಷ್ಟು ಬಿಟ್ಟ ಮೇಲೆ ಹಗ್ಗವನ್ನು ಗೂಟಕ್ಕೆ ಕಟ್ಟಿ, ವಿಂಚಿನ ಕಡೆಯ ಹಗ್ಗ ಸಡಿಲ ಇರಲಿ. ದೋಣಿ ನಿಂತಿರುವಷ್ಟು ಹೊತ್ತೂ ಭಾರ ಗೂಟದ ಮೇಲೇ ಇರಬೇಕು. ಅಲೆಗೆ ದೋಣಿ ಒಂದೊಂದು ಸಲ ಜಗ್ಗಿದಾಗಲೂ ವಿಂಚಿನ ಗಿಯರ್ ಹಲ್ಲಿಗೆ ಪೆಟ್ಟು ಬೀಳುತ್ತದೆ. ಒಳಗಿನ ಹಲ್ಲು ಮುರಿದ ವಿಂಚುಗಳು ಬಹುಪಾಲು ಎತ್ತುವಾಗ ಮುರಿದದ್ದಲ್ಲ, ಸುಮ್ಮನೆ ನಿಂತಾಗ ಮುರಿದದ್ದು.

ಎತ್ತುವಾಗ ಎಂಜಿನ್ ಚಾಲೂ ಮಾಡಿ, ಹಗ್ಗ ಹೋದ ದಿಕ್ಕಿಗೆ ಮೆಲ್ಲಗೆ ಮುಂದೆ ಹೋಗಿ. ಸಡಿಲಾದ ಹಗ್ಗವನ್ನು ವಿಂಚ್ ಸುತ್ತಿಕೊಳ್ಳಲಿ. ಸ್ವಿಚ್ಚನ್ನು ಒಂದೇ ಸಮ ಒತ್ತಿ ಹಿಡಿಯುವುದು ಬೇಡ. ಹಗ್ಗ ಬಿಗಿಯಿತು ಅನಿಸಿದ ಕೂಡಲೇ ಬಿಡಿ, ದೋಣಿ ಮುಂದೆ ಬರಲಿ, ಮತ್ತೆ ಒತ್ತಿ. ಮೋಟಾರಿನ ಸದ್ದು ಕೇಳುತ್ತಿರಿ. ಬರೀ ಹಗ್ಗ ಎಳೆಯುವಾಗಿನ ಸದ್ದು ತೆಳುವಾಗಿ, ಒಂದೇ ಸಮ ಇರುತ್ತದೆ. ಭಾರ ಬಿದ್ದರೆ ಸದ್ದು ದಪ್ಪವಾಗಿ ನಿಧಾನ ಆಗುತ್ತದೆ, ಅದು ಬೆರಳು ತೆಗೆಯಿರಿ ಅನ್ನುವ ಸೂಚನೆ. ಹಗ್ಗ ನೇರ ಕೆಳಕ್ಕೆ ಇಳಿದಾಗ ವಿಂಚ್ ನಿಲ್ಲಿಸಿ, ಗೂಟಕ್ಕೆ ಎರಡು ಸುತ್ತು ಹಾಕಿ. ಅಲೆ ದೋಣಿಯನ್ನು ಎತ್ತುವಾಗ ಲಂಗರು ಮಣ್ಣಿಂದ ಕಿತ್ತು ಬರುತ್ತದೆ. ಬರದಿದ್ದರೆ ಎಂಜಿನ್ನಿನಲ್ಲಿ ಸ್ವಲ್ಪ ಮುಂದೆ ತಳ್ಳಿ. ಈ ಹೊತ್ತಿನಲ್ಲಿ ಗಂಟು ಹಾಕಬಾರದು, ಸುತ್ತು ಮಾತ್ರ. ಅಲೆ ದೊಡ್ಡದಾಗಿ ಮೂತಿ ತಗ್ಗಿತು ಅಂದರೆ ತಕ್ಷಣ ಬಿಡಲು ಬರಬೇಕು. ಕಿತ್ತ ಮೇಲೆ ಸುತ್ತು ಬಿಚ್ಚಿ ವಿಂಚಿನಲ್ಲಿ ಎತ್ತಿ. ಲಂಗರು ರೋಲರಿಗೆ ಬರುವ ಹೊತ್ತಿಗೆ ಬಿಟ್ಟು ಬಿಟ್ಟು ಒತ್ತಿ, ಇಲ್ಲದಿದ್ದರೆ ರೋಲರಿಗೆ ಬಡಿದು ಫೈಬರ್ ಒಡೆಯುತ್ತದೆ. ಕೊನೆಗೆ ಲಂಗರಿಗೆ ಒಂದು ಹಗ್ಗದಲ್ಲಿ ಕಟ್ಟು ಹಾಕಿ, ಬ್ರೇಕರ್ ಆಫ್ ಮಾಡಿ, ಆಮೇಲೆ ಹೊರಡಿ. ವೇಗದಲ್ಲಿ ಹೋಗುವಾಗ ಲಂಗರು ತಾನಾಗಿ ಬಿದ್ದರೆ ಏನಾಗುತ್ತದೆ ಅಂತ ಹೇಳುವುದೇ ಬೇಡ.

ಡ್ರಮ್ ತಿರುಗುವಾಗ ಹಗ್ಗವನ್ನು ಕೈಯಿಂದ ಸರಿಮಾಡಲು ಹೋಗಬೇಡಿ. ಅಪ್ಪಯ್ಯ ಲುಂಗಿ ಉಟ್ಟು ಹೋಗುವವರಾದರೆ ಎತ್ತಿ ಕಟ್ಟಿಕೊಳ್ಳಲಿ, ರೈನ್‌ಕೋಟಿನ ದಾರ ಒಳಗೆ ಸಿಕ್ಕಿಸಲಿ. ಬೆರಳು ಹೋಗಲು ಒಂದು ಸೆಕೆಂಡೂ ಬೇಡ. ಹಗ್ಗ ಗುಡ್ಡೆಯಾದರೆ ನಿಲ್ಲಿಸಿ, ಬ್ರೇಕರ್ ಆಫ್ ಮಾಡಿ, ಆಮೇಲೆ ಕೈ ಹಾಕಿ.

ಲಂಗರು ಕಲ್ಲಿಗೆ ಸಿಕ್ಕಿದರೆ ವಿಂಚಿಗೆ ಕೆಲಸವೇ ಇಲ್ಲ. ಕಲ್ಲಿನ ಜಾಗಕ್ಕೆ ಹೋಗುವ ಮುಂಚೆಯೇ ಸರಪಳಿಯನ್ನು ಲಂಗರಿನ ಬುಡಕ್ಕೆ, ಅಂದರೆ ಕೊಕ್ಕೆಗಳು ಸೇರುವ ಕಡೆಗೆ ಕಟ್ಟಿ. ಅದನ್ನು ಕಾಂಡದ ಮೇಲ್ತುದಿಗೆ ತೆಳು ದಾರದಲ್ಲಿ ಬಿಗಿಯಿರಿ. ಮಾಮೂಲಿ ಎಳೆತಕ್ಕೆ ದಾರ ತಡೆಯುತ್ತದೆ. ಸಿಕ್ಕಿಕೊಂಡಾಗ ಗೂಟಕ್ಕೆ ಸುತ್ತಿ ಎಂಜಿನ್ನಿನಲ್ಲಿ ಎಳೆದರೆ ದಾರ ಹರಿಯುತ್ತದೆ, ಲಂಗರು ಬುಡಮೇಲಾಗಿ ಹಿಂದಿನಿಂದ ಬಿಡಿಸಿಕೊಂಡು ಬರುತ್ತದೆ. ಇಂಥ ಕಡೆಗೆ ಕಬ್ಬಿಣದ ಸರಳು ಬಗ್ಗಿಸಿ ಮಾಡಿದ ನಾಲ್ಕು ಕೊಕ್ಕೆಯ ಲಂಗರು ಒಳ್ಳೆಯದು, ಸಿಕ್ಕಿದರೂ ಕೊಕ್ಕೆ ನೆಟ್ಟಗಾಗಿ ಬಿಡುತ್ತದೆ. ಆದರೆ ಕೆಸರಿಗೆ ಅದು ಪ್ರಯೋಜನವಿಲ್ಲ, ಅಗಲ ಎಲೆಯ ಲಂಗರೇ ಬೇಕು. ಮುರುಡೇಶ್ವರದ ನೇತ್ರಾಣಿ ಕಡೆ ಹೋಗುವವರಿಗೆ ಒಂದು ಮಾತು. ಅಲ್ಲಿನ ಹವಳ ಕಾನೂನಿನ ರಕ್ಷಣೆಯಲ್ಲಿದೆ, ಒಮ್ಮೆ ಮುರಿದರೆ ಬೆಳೆಯಲು ವರ್ಷಗಟ್ಟಲೆ ಬೇಕು. ಅದರ ಮೇಲೆ ಲಂಗರು ಬಿಡಬೇಡಿ.

ಇಷ್ಟೆಲ್ಲ ಓದಿ ಖರ್ಚಿನ ಲೆಕ್ಕ ಹಾಕಿ ತಲೆ ಬಿಸಿಯಾಗಿದ್ದರೆ, ಕಡಿಮೆ ಖರ್ಚಿನ ಒಂದು ದಾರಿ ಇದೆ. ನನ್ನ ಅಭಿಪ್ರಾಯ ಕೇಳಿದರೆ ಮೊದಲು ಅದನ್ನೇ ಮಾಡಿ ನೋಡಿ. ಒಂದು ದೊಡ್ಡ ಸ್ಟೀಲ್ ಬಳೆ, ಅದಕ್ಕೆ ಕಟ್ಟಿದ ಒಂದು ದೊಡ್ಡ ತೇಲು ಚೆಂಡು. 40 ಸೆಂ.ಮೀ. ಅಡ್ಡಳತೆಯ ಚೆಂಡು 33 ಕಿಲೋ ತನಕ ತೇಲಿಸುತ್ತದೆ, ನಿಮ್ಮ ಲಂಗರು ಸರಪಳಿಗೆ ಎರಡು ಪಟ್ಟು ಆಯಿತು. ಬಳೆಯನ್ನು ಹಗ್ಗಕ್ಕೆ ಪೋಣಿಸಿ ನೀರಿಗೆ ಬಿಡಿ. ಹಗ್ಗದ ಈ ತುದಿ ಮುಂದಿನ ಗೂಟದಲ್ಲೇ ಇರಲಿ. ಎಂಜಿನ್ನಿನಲ್ಲಿ ಹಗ್ಗವನ್ನು ಒಂದು ಬದಿಗೆ ಬಿಟ್ಟುಕೊಂಡು, ಓರೆಯಾಗಿ ಮುಂದೆ ಹೋಗಿ. ಹಗ್ಗ ಫ್ಯಾನಿನಿಂದ ದೂರ ಇರಬೇಕು, ಅದೊಂದು ಎಚ್ಚರ. ದೋಣಿ ಮುಂದೆ ಹೋದಂತೆ ಹಗ್ಗ ಬಳೆಯೊಳಗಿಂದ ಜಾರುತ್ತದೆ, ಲಂಗರು ಕೆಳಗಿಂದ ಏರಿ ಚೆಂಡಿನ ಹತ್ತಿರ ಬಂದು ನೇತಾಡುತ್ತದೆ. ಆಮೇಲೆ ತೇಲುವ ಲಂಗರಿನ ಕಡೆ ದೋಣಿ ತಿರುಗಿಸಿ ಹಗ್ಗ ಒಳಗೆ ಹಾಕಿಕೊಂಡರಾಯಿತು. ಆಳದಿಂದ ಭಾರ ಎತ್ತುವುದು ಪೂರ್ತಿ ತಪ್ಪಿತು. ಕೊನೆಯ ಒಂದು ಮೀಟರ್ ಮಾತ್ರ ಕೈಯಲ್ಲಿ ಎತ್ತಬೇಕು, ಅದನ್ನು ನೀವು ಎತ್ತಿ. ಅಲೆ ಜೋರಿದ್ದಾಗ ಈ ವಿಧಾನ ಬೇಡ.

ವಿಂಚ್ ಹಾಕಿದರೂ ಹಾಕದಿದ್ದರೂ ಎರಡನೇ ಲಂಗರು ಒಂದು ದೋಣಿಯಲ್ಲಿರಬೇಕು. ಹಗ್ಗ ಕಟ್ಟಿ, ಸುರುಳಿ ಮಾಡಿ, ಮುಂದೆಯೇ ಕೈಗೆ ಸಿಗುವಂತೆ ಇರಬೇಕು. ಮಳೆಗಾಲದಲ್ಲಿ ಅಳಿವೆ ಬಾಯಿಯಲ್ಲಿ ಎಂಜಿನ್ ನಿಂತಿತು ಅಂತಿಟ್ಟುಕೊಳ್ಳಿ. ಅಲೆ ಒಡೆಯುವ ಕಡೆಗೆ ದೋಣಿ ಹೋಗುತ್ತಿದೆ. ಮೋಟಾರಿನಲ್ಲಿ ಹಗ್ಗ ಬಿಡುವ ವಿಂಚ್ ಆದರೆ 20 ಮೀಟರ್ ಇಳಿಸಲು ಮುಕ್ಕಾಲು ನಿಮಿಷ ಬೇಕು. ಆ ಮುಕ್ಕಾಲು ನಿಮಿಷ ಅಲ್ಲಿ ಇರುವುದಿಲ್ಲ. ಕ್ಲಚ್ ಸಡಿಲಿಸಿದರೆ ತಾನಾಗಿ ಬೀಳುವಂಥ ವಿಂಚ್ ಇದ್ದರೆ ಒಳ್ಳೆಯದು, ಕೊಳ್ಳುವಾಗ ಅದನ್ನು ಕೇಳಿ. ಆದರೂ ಕೈಯಲ್ಲಿ ಎಸೆಯುವ ಲಂಗರಿನಷ್ಟು ಬೇಗ ಯಾವುದೂ ಇಲ್ಲ. ಹರಿತವಾದ ಒಂದು ಕತ್ತಿಯೂ ಮುಂದೆಯೇ ಇರಲಿ, ಲಂಗರಿನ ಹಗ್ಗ ಕಡಿಯಬೇಕಾದ ಹೊತ್ತು ಬಂದರೆ ಯೋಚಿಸದೆ ಕಡಿಯಲು.

ಆರೈಕೆ ದೊಡ್ಡದೇನಲ್ಲ. ಬಂದ ಮೇಲೆ ಸಿಹಿನೀರು ಹಾಕಿ ತೊಳೆಯಿರಿ. ಪ್ರೆಷರ್ ಪಂಪ್ ಹಿಡಿಯಬೇಡಿ, ಸೀಲಿನೊಳಗೆ ನೀರು ನುಗ್ಗುತ್ತದೆ. ತಿಂಗಳಿಗೊಮ್ಮೆ ಹಗ್ಗ ಪೂರ್ತಿ ಬಿಚ್ಚಿ ತೊಳೆದು ನೆರಳಲ್ಲಿ ಒಣಗಿಸಿ ಸುತ್ತಿ. ವಿಂಚ್ ನಿಧಾನ ಆಯಿತು ಅನಿಸಿದರೆ ಓಡುವಾಗಲೇ ವಿಂಚಿನ ತುದಿಯಲ್ಲಿ ಮಲ್ಟಿಮೀಟರ್ ಹಿಡಿಯಿರಿ. 10.5 ವೋಲ್ಟಿಗಿಂತ ಕಡಿಮೆ ತೋರಿಸಿದರೆ ದೋಷ ಮೋಟಾರಿನದ್ದಲ್ಲ, ವಯರ್, ಲಗ್ ಅಥವಾ ಬ್ಯಾಟರಿಯದ್ದು.

ಇನ್ನು ಉಳಿದದ್ದು ಅಪ್ಪಯ್ಯ ಒಬ್ಬರೇ ಹೋಗಬಹುದಾ ಅನ್ನುವ ಮಾತು. ಸ್ವಿಚ್ಚಿನ ವಯರ್ ತೆಳುವಾದದ್ದು, ಅದನ್ನು ಎಂಜಿನ್ ಹತ್ತಿರ ಎಳೆದು ತರಲು ಕಷ್ಟವಿಲ್ಲ. ರಿಮೋಟ್ ಕೂಡ ಸಿಗುತ್ತದೆ. ಆದರೆ ಗೂಟಕ್ಕೆ ಕಟ್ಟಲು, ಬಿಚ್ಚಲು ಅವರು ಮುಂದೆ ಹೋಗಲೇಬೇಕು. ಆ ಹೊತ್ತಿಗೆ ಎಂಜಿನ್ ಹತ್ತಿರ ಯಾರೂ ಇರುವುದಿಲ್ಲ. ಸೊಂಟ ಹಿಡಿದ ಮನುಷ್ಯ, ಅಲುಗಾಡುವ ಮೂತಿ, ಕೈ ಹಿಡಿಯಲು ಇನ್ನೊಬ್ಬರಿಲ್ಲ. ಇದಕ್ಕೆ ನಾನು ಹೂಂ ಅನ್ನಲಾರೆ. ನೀವು ಎಂಜಿನ್ ಹಿಡಿಯಿರಿ, ಅಪ್ಪಯ್ಯ ಮುಂದೆ ಕೂತು ಸ್ವಿಚ್ ಒತ್ತಲಿ. ಕಡಲು ಓದುವ ಅವರ ಕಣ್ಣು ಮುಂದೆಯೇ ಇರಬೇಕಾದ್ದು. ಇಬ್ಬರೂ ಲೈಫ್ ಜಾಕೆಟ್ ಹಾಕಿಕೊಳ್ಳಿ, ನೀರಿಗೆ ಬಿದ್ದರೆ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ದಾರ ನಿಮ್ಮ ಕೈಗೆ ಕಟ್ಟಿರಲಿ, ಕೋಸ್ಟ್ ಗಾರ್ಡಿನ 1554 ನಂಬರ್ ಇಬ್ಬರ ಫೋನಿನಲ್ಲೂ ಇರಲಿ. ನಿಮ್ಮ ಎಂಜಿನ್ನಿನ ಮಾಡೆಲ್ ಮತ್ತು ಚಾರ್ಜಿಂಗ್ ವಿವರ ಬರೆದು ಕಳಿಸಿದರೆ ಯಾವ ರೆಕ್ಟಿಫೈಯರ್ ಹೊಂದುತ್ತದೆ ಅಂತ ತಿಳಿಸುತ್ತೇನೆ.